ಚಂದ್ರನ ಬೆಳಗಿನಿಂದ ಹಿಂದಕ್ಕೆ ಎಣಿಸಿದ ಲೆಕ್ಕ

ಹಾಸನದ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಸೇರಿ, ಚಂದ್ರನ ಮೇಲೆ ಸಂಚರಿಸುವ ಪುಟ್ಟ ರೋವರ್ ಒಂದರ ಯೋಜನಾ ವರದಿಯನ್ನು ಖರ್ಚು ಮತ್ತು ವೇಳಾಪಟ್ಟಿ ಸಮೇತ ಸಿದ್ಧಪಡಿಸಿದೆ. ಆಧಾರವಾಗಿ ಇಟ್ಟುಕೊಂಡದ್ದು ಚಂದ್ರಯಾನ-3ರ ಪ್ರಜ್ಞಾನ್ ರೋವರನ್ನು: 26 ಕೆ.ಜಿ. ತೂಕ, 50 ವ್ಯಾಟ್ ವಿದ್ಯುತ್, ಆರು ಚಕ್ರ.

ವೇಳಾಪಟ್ಟಿಯನ್ನು ನಾವು ಇಳಿಯುವ ಜಾಗದಲ್ಲಿ ಸೂರ್ಯ ಹುಟ್ಟುವ ದಿನದಿಂದ ಹಿಂದಕ್ಕೆ ಎಣಿಸುತ್ತ ಬಂದೆವು. ರೋವರ್ ನಡೆಯುವುದು ಬಿಸಿಲಿನ ವಿದ್ಯುತ್ತಿನಿಂದ, ಅಲ್ಲಿನ ಒಂದು ಹಗಲೆಂದರೆ ನಮ್ಮ ಸುಮಾರು 14 ದಿನ. ಒಂದು ಬೆಳಗು ತಪ್ಪಿದರೆ ಮುಂದಿನ ಬೆಳಗಿಗೆ ಸುಮಾರು 29.5 ದಿನ ಕಾಯಬೇಕು. ಆದ್ದರಿಂದ ಕೆಲಸ ಒಂದು ವಾರ ತಡವಾದರೂ ಇಡೀ ತಂಡದ ಒಂದು ತಿಂಗಳ ಸಂಬಳ ಖರ್ಚಿಗೆ ಸೇರುತ್ತದೆ. ಸಕಲೇಶಪುರದ ಕಡೆಯ ತೋಟದ ಮನೆಗಳ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಹೂಮಳೆ ಸಕಾಲಕ್ಕೆ ಬಾರದಿದ್ದರೆ ಕಾಫಿಯ ಫಸಲು ಏನಾಗುತ್ತದೆಂಬುದನ್ನು ಅವರು ಕಣ್ಣಾರೆ ಕಂಡವರು.

ರಾತ್ರಿಯನ್ನು ದಾಟಬೇಕೇ ಎಂಬ ಪ್ರಶ್ನೆಯೇ ಖರ್ಚಿನ ಬಹುಭಾಗವನ್ನು ನಿರ್ಧರಿಸುತ್ತದೆ. 1970ರಲ್ಲಿ ಇಳಿದ ಸೋವಿಯತ್ ರೋವರ್ ಲುನೋಖೋಡ್-1 ಪೊಲೋನಿಯಂನ ಶಾಖದಿಂದ ಚಂದ್ರನ ಕಡುಚಳಿಯ ರಾತ್ರಿಗಳನ್ನು ದಾಟಿತ್ತು. ಅಂಥ ವಿಕಿರಣ ವಸ್ತುವಿನ ವೆಚ್ಚ, ಅನುಮತಿ, ಸುರಕ್ಷತೆಗಳ ಹೊರೆಯನ್ನು ಬಿಟ್ಟು ನಾವು ಒಂದೇ ಹಗಲಿಗೆ ಒಪ್ಪಿಕೊಂಡೆವು.

ಆ ಹಗಲಿನ ಹಂಚಿಕೆಗೇ ನಾನು ಅತಿ ಹೆಚ್ಚು ಸಮಯ ಕೊಟ್ಟೆ. ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ 100 ಮೀಟರ್ ಸಾಗಲು ಮೂರು ತಾಸೂ ಬೇಡ. ಆದರೆ ಪ್ರಜ್ಞಾನ್ ಅಷ್ಟು ದೂರ ಕ್ರಮಿಸಿದ್ದು 2023ರ ಆಗಸ್ಟ್ 23ರ ಇಳಿತದ ನಂತರ ಹತ್ತು ದಿನಗಳ ಅವಧಿಯಲ್ಲಿ. ಚಿತ್ರ ತೆಗೆದು ತನ್ನನ್ನು ಇಳಿಸಿದ ನೌಕೆಯಾದ ಲ್ಯಾಂಡರ್ ಮೂಲಕ ಕಳುಹಿಸುವುದು, ಭೂಮಿಯಲ್ಲಿ ದಾರಿ ನಿಶ್ಚಯಿಸುವುದು, ನಿಂತು ಮಣ್ಣನ್ನು ಪರೀಕ್ಷಿಸುವುದು, ಇವೆಲ್ಲಕ್ಕೂ ಗಂಟೆಗಳನ್ನು ಎತ್ತಿಡಬೇಕು. ಚಕ್ರದ ವೇಗದಿಂದ ಕೆಲಸದ ದಿನಗಳನ್ನು ಲೆಕ್ಕ ಹಾಕುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ತೂಕದಲ್ಲಿ, ಹಿಂದಿನ ಬಾಹ್ಯಾಕಾಶ ಯಾನಗಳಲ್ಲಿ ಬಳಸಿದ ಭಾಗಗಳಿಗೆ ಶೇ. 5, ಮಾರ್ಪಡಿಸಿದವಕ್ಕೆ ಶೇ. 10, ಹೊಸವಕ್ಕೆ ಶೇ. 20 ಹೆಚ್ಚಿಗೆ ಹಿಡಿದೆವು. ಹಣದ ವಿಷಯದಲ್ಲಿ, 2020ರಲ್ಲಿ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಚಂದ್ರಯಾನ-3ಕ್ಕೆ ಹೇಳಿದ ಅಂದಾಜನ್ನು ಗಮನಿಸಿದೆವು: ಲ್ಯಾಂಡರ್, ರೋವರ್ ಮತ್ತು ಅವನ್ನು ಚಂದ್ರನ ಕಕ್ಷೆಯವರೆಗೆ ಒಯ್ಯುವ ನೋದನ ಘಟಕಕ್ಕೆ 250 ಕೋಟಿ, ಉಡಾವಣೆಗೆ 365 ಕೋಟಿ. ನಾಸಾದ ವೈಪರ್ ರೋವರಿನ ಜೋಡಣೆ ಮುಗಿದಿದ್ದರೂ ವೆಚ್ಚದ ಏರಿಕೆ ಮತ್ತು ವಿಳಂಬಗಳ ಕಾರಣ 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಲಾಯಿತು. ಆ ರೋವರನ್ನು ಇಳಿಸಲು ಬೇರೆ ಲ್ಯಾಂಡರ್ ನಿಗದಿಯಾದದ್ದು 2025ರಲ್ಲಿ. ಅದಕ್ಕಾಗಿಯೇ ನಮ್ಮ ಮೀಸಲು ಹಣದ ದೊಡ್ಡ ಪಾಲನ್ನು ಯಂತ್ರದ ಭಾಗಗಳ ಹೆಸರಿನಲ್ಲಿ ಬರೆಯದೆ, ತಪ್ಪಿಹೋಗಬಹುದಾದ ಬೆಳಗುಗಳ ಹೆಸರಿನಲ್ಲಿ, ತಿಂಗಳ ಲೆಕ್ಕದಲ್ಲಿ ತೆಗೆದಿಟ್ಟೆವು.