ಹಾಂಗ್‌ಕಾಂಗಿಗೆ ಹೋದರೆ ಒಂದು ಸಂಜೆ ಕುದುರೆ ರೇಸಿಗೆ

ರೇಸ್‌ಕೋರ್ಸ್ ರಸ್ತೆಯಲ್ಲಿ ನಾನು ಓಡಾಡದ ವಾರವಿಲ್ಲ. ಆದರೆ ಆ ಕಾಂಪೌಂಡಿನ ಒಳಗೆ ಒಂದು ದಿನವೂ ಇಣುಕಿ ನೋಡಿದವನಲ್ಲ. ನಮ್ಮ ಮನೆಯಲ್ಲಿ ರೇಸ್ ಅಂದರೆ ಸಂಬಳದ ದಿನ ತಡವಾಗಿ ಬರುವ ಗಂಡಸರ ಕಥೆ, ಅಷ್ಟೇ. ಕುದುರೆ ಓಡುವುದನ್ನು ಮೊದಲು ನೋಡಿದ್ದು ಹಾಂಗ್‌ಕಾಂಗಿನಲ್ಲಿ, ಅದೂ ಭಾವನ ಒತ್ತಾಯಕ್ಕೆ. ಈಗ ಯಾರು ಆ ಕಡೆ ಹೊರಟರೂ ನಾನೇ ಹೇಳುತ್ತೇನೆ, ಬುಧವಾರ ಸಂಜೆ ಖಾಲಿ ಇಟ್ಟುಕೊಳ್ಳಿ ಅಂತ.

ಮೊದಲು ಕ್ಯಾಲೆಂಡರ್ ನೋಡಿ

ಅಲ್ಲಿ ರೇಸ್ ನಡೆಯುವುದು ಸೆಪ್ಟೆಂಬರಿನಿಂದ ಜುಲೈವರೆಗೆ. ಆಗಸ್ಟಿನಲ್ಲಿ ಹೋದರೆ ಖಾಲಿ ಮೈದಾನ ನೋಡಿ ಬರಬೇಕು. ಕೋರ್ಸ್ ಎರಡಿವೆ. ಹ್ಯಾಪಿ ವ್ಯಾಲಿಯಲ್ಲಿ ಹೆಚ್ಚಾಗಿ ಬುಧವಾರ ರಾತ್ರಿ, ಶಾ ಟಿನ್‌ನಲ್ಲಿ ಹೆಚ್ಚಾಗಿ ವಾರಾಂತ್ಯದ ಹಗಲು. ಮೊದಲ ಸಲಕ್ಕೆ ಹ್ಯಾಪಿ ವ್ಯಾಲಿಯೇ ಸರಿ. 1846ರಿಂದ ರೇಸ್ ನಡೆಯುತ್ತಿರುವ ಜಾಗ ಅದು. ಸುತ್ತಲೂ ಮುಗಿಲೆತ್ತರದ ಅಪಾರ್ಟ್‌ಮೆಂಟುಗಳು, ನಡುವೆ ದೀಪದ ಬೆಳಕಿನಲ್ಲಿ ಹಸಿರು ಟ್ರ್ಯಾಕ್, ಅದರ ಒಳಗೆ ಫುಟ್‌ಬಾಲ್ ಮೈದಾನಗಳು. ಪಕ್ಕದಲ್ಲೇ ಒಂದು ಹಿಂದೂ ದೇವಸ್ಥಾನವೂ ಇದೆ. ಕೈಮುಗಿದು ಹೋಗುತ್ತೀರೋ, ಬಂದು ಕೈಮುಗಿಯುತ್ತೀರೋ ನಿಮಗೆ ಬಿಟ್ಟದ್ದು.

ಹಳೆಯ ಪ್ರವಾಸಿ ಪುಸ್ತಕ ನಂಬಿಕೊಂಡು ಸಿಂಗಪುರದಲ್ಲೋ ಮಕಾವಿನಲ್ಲೋ ರೇಸ್ ಹುಡುಕಬೇಡಿ. ಎರಡೂ ಕಡೆ 2024ರಲ್ಲಿ ನಿಂತುಹೋಯಿತು. ದುಬೈಗೆ ಹೋಗುವವರಿಗೆ ಚಳಿಗಾಲದಲ್ಲಿ ಮೇದಾನ್ ಅನ್ನುವ ರೇಸ್‌ಕೋರ್ಸ್ ಇದೆ. ಅಲ್ಲಿ ಕುದುರೆ ಮೇಲೆ ದುಡ್ಡು ಕಟ್ಟುವಂತೆಯೇ ಇಲ್ಲ, ಹಾಗಾಗಿ ಅಮ್ಮನನ್ನು ಕರೆದುಕೊಂಡು ಹೋಗಲು ಧೈರ್ಯವಿರುವ ರೇಸ್ ಅದೊಂದೇ. ಜೂನ್‌ನಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಾಟ್ ರೇಸಿಗೆ ಹೋಗುವ ಹೆಂಗಸರು ಅಲ್ಲಿನ ಪದ್ಧತಿಯ ಟೋಪಿಗಾಗಿ ಒದ್ದಾಡಬೇಕಾಗಿಲ್ಲ. ಅವರವರ ದೇಶದ ಉಡುಪಿಗೆ ಅಲ್ಲಿ ಒಪ್ಪಿಗೆ ಇದೆ. ಮೈಸೂರು ರೇಷ್ಮೆ ಸೀರೆ ಧಾರಾಳವಾಗಿ ನಡೆಯುತ್ತದೆ.

ತಲುಪುವುದು, ಒಳಗೆ ಹೋಗುವುದು

ಹೊರಡುವ ಮುಂಚೆ ಹಾಂಗ್‌ಕಾಂಗ್ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಮಾಡಿಕೊಳ್ಳಿ, ಇಲ್ಲದಿದ್ದರೆ ವಿಮಾನ ಹತ್ತುವಾಗಲೇ ತಕರಾರು. ಅಲ್ಲಿ ಇಳಿದ ಮೇಲೆ ಸುಲಭ. 'ಹ್ಯಾಪಿ ವ್ಯಾಲಿ' ಅಂತ ಬೋರ್ಡ್ ಇರುವ ಡಬಲ್ ಡೆಕ್ಕರ್ ಟ್ರಾಮ್ ಹತ್ತಿ. ಮೇಲಿನ ಮಹಡಿಯಲ್ಲಿ ಮುಂದಿನ ಸೀಟು ಸಿಕ್ಕರೆ ಅರ್ಧ ಊರು ನೋಡಿದಂತೆ. ಸಾಮಾನ್ಯ ಪ್ರವೇಶಕ್ಕೆ 10 ಹಾಂಗ್‌ಕಾಂಗ್ ಡಾಲರ್, ನಮ್ಮ ನೂರು ಚಿಲ್ಲರೆ ರೂಪಾಯಿ. 18 ತುಂಬಿರಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಹೋಗಿ. ನಮಗೆ ಒಳಗೆ ದಕ್ಕಿದ್ದು ಆಲೂ ಚಿಪ್ಸ್ ಒಂದೇ.

ಟಿಕೆಟ್ ಕೌಂಟರಿಗೆ ಮುಂಚೆ ಪ್ಯಾಡಾಕ್

ಬಹಳ ಜನ ಬಿಯರ್ ಹಿಡಿದು ಟ್ರ್ಯಾಕಿನ ಬೇಲಿಗೆ ಒರಗಿ ನಿಂತುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಪ್ರತಿ ರೇಸಿಗೂ ಮೊದಲು ಕುದುರೆಗಳನ್ನು ಪ್ಯಾಡಾಕಿನಲ್ಲಿ ನಡೆಸುತ್ತಾರೆ. ಅಲ್ಲಿ ಜಾಗ ಹಿಡಿಯಿರಿ. ಸುಮಾರು 500 ಕಿಲೋ ತೂಕದ ಪ್ರಾಣಿ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಗುತ್ತದೆ. ಮೈ ಕನ್ನಡಿಯಂತೆ ಹೊಳೆಯುತ್ತಿದೆಯೇ, ಹೆಜ್ಜೆ ಸರಾಗವಾಗಿದೆಯೇ, ಕಿವಿ ಚುರುಕಾಗಿದೆಯೇ ನೋಡಿ. ಓಡುವ ಮುಂಚೆಯೇ ಕತ್ತು, ತೊಡೆಯೆಲ್ಲ ಬೆವೆತು ನೊರೆ ಬಂದಿದ್ದರೆ ಕುದುರೆಗೆ ಗಾಬರಿ ಅಂತ ಅರ್ಥ. ಆಮೇಲೆ ಬಣ್ಣಬಣ್ಣದ ರೇಷ್ಮೆ ಅಂಗಿಯ ಜಾಕಿಗಳು ಬಂದು ಹತ್ತುತ್ತಾರೆ. ಅವರು ಎಷ್ಟು ಸಣ್ಣ ದೇಹದವರು ಅಂತ ಟಿವಿಯಲ್ಲಿ ಗೊತ್ತಾಗುವುದೇ ಇಲ್ಲ. ನನಗೆ ಇಡೀ ಸಂಜೆಯಲ್ಲಿ ಜಾಸ್ತಿ ಇಷ್ಟವಾದ ಜಾಗ ಇದು, ಇಲ್ಲಿ ಖರ್ಚೂ ಇಲ್ಲ.

ಅವತ್ತಿನ ಕುದುರೆಗಳ ವಿವರವಿರುವ ರೇಸ್ ಕಾರ್ಡ್ ಇಂಗ್ಲಿಷಿನಲ್ಲೂ ಸಿಗುತ್ತದೆ. ಕುದುರೆಯ ಹಿಂದಿನ ಓಟಗಳಲ್ಲಿ ಯಾವ ಸ್ಥಾನ, ಇವತ್ತು ಓಟ ಶುರು ಮಾಡುವುದು ಯಾವ ಗೇಟಿನಿಂದ, ಇವೆರಡು ನೋಡಿದರೆ ಸಾಕು. ಹ್ಯಾಪಿ ವ್ಯಾಲಿಯ ತಿರುವುಗಳು ಬಿಗಿ. ಹೊರಗಿನ ಗೇಟಿನಿಂದ ಹೊರಟ ಕುದುರೆ ದೊಡ್ಡ ಸುತ್ತು ಹಾಕಬೇಕಾಗುತ್ತದೆ, ನಮ್ಮ ಸರ್ಕಲ್‌ಗಳಲ್ಲಿ ಹೊರಗಿನ ಲೇನಿಗೆ ಸಿಕ್ಕ ಆಟೋದ ಹಾಗೆ.

ದುಡ್ಡು ಕಟ್ಟುವುದಾದರೆ

ಎಷ್ಟು ಕಳೆಯಬಹುದು ಅಂತ ಹೋಟೆಲಿನಲ್ಲೇ ಎಣಿಸಿ ಬೇರೆ ಜೇಬಿಗೆ ಹಾಕಿಕೊಳ್ಳಿ. ಸಾಮಾನ್ಯವಾಗಿ ಎಂಟೊಂಬತ್ತು ರೇಸ್ ಇರುತ್ತವೆ, ಒಂದಕ್ಕೆ ಹತ್ತರಂತೆ 90 ಡಾಲರ್ ಸಾಕು. ಸಿನಿಮಾ ಟಿಕೆಟ್ ತೆಗೆದುಕೊಂಡೆ ಅಂತ ತಿಳಿಯಿರಿ, ವಾಪಸ್ ಬಂದರೆ ಲಾಭ.

ಅಲ್ಲಿ ಬುಕ್ಕಿಗಳಿಲ್ಲ, ಟೋಟ್ ಮಾತ್ರ. ಚೀಟಿ ದುಡ್ಡಿನ ಹಾಗೆ ಎಲ್ಲರ ಹಣವೂ ಒಂದೇ ಗಂಟಿಗೆ ಸೇರುತ್ತದೆ. ವಿನ್ ಮತ್ತು ಪ್ಲೇಸ್ ಆಟಗಳಲ್ಲಿ ಅದರಿಂದ ಶೇ 17.5 ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಹಾಗಾಗಿ ಒಂದು ಡಾಲರಿಗೆ ಎಷ್ಟು ಸಿಗುತ್ತದೆ ಅಂತ ಬೋರ್ಡಿನ ಮೇಲೆ ತೋರಿಸುವ ಅಂಕಿ ಓಟ ಶುರುವಾಗುವವರೆಗೂ ಬದಲಾಗುತ್ತಲೇ ಇರುತ್ತದೆ. 5 ಅಂತಿದ್ದು ನಿಮ್ಮ ಕುದುರೆ ಗೆದ್ದರೆ 10 ಡಾಲರಿಗೆ 50 ಬರುತ್ತದೆ, ಅದರಲ್ಲಿ ನೀವು ಕಟ್ಟಿದ ಹತ್ತೂ ಸೇರಿದೆ. 'ವಿನ್' ಅಂದರೆ ಮೊದಲನೆಯದಾಗಿ ಬರಬೇಕು. 'ಪ್ಲೇಸ್' ಅಂದರೆ ಏಳು ಅಥವಾ ಹೆಚ್ಚು ಕುದುರೆಗಳಿರುವ ಓಟದಲ್ಲಿ ಮೊದಲ ಮೂರರಲ್ಲಿ ಬಂದರೂ ದುಡ್ಡಿದೆ. ಕ್ವಿನೆಲ್ಲಾ, ಟಿಯರ್ಸ್ ಅಂತೆಲ್ಲ ಇನ್ನೂ ಇವೆ. ಹೊಸಬರಿಗೆ ಬೇಡ. ಕೌಂಟರಿನಲ್ಲಿ ರೇಸ್ ನಂಬರ್, ಕುದುರೆ ನಂಬರ್, ಮೊತ್ತ ಹೇಳಿದರೆ ಚೀಟಿ ಕೈಗೆ ಬರುತ್ತದೆ.

ಆ ಚೀಟಿ ಹರಿಯಬೇಡಿ! ನಾಲ್ಕನೇ ರೇಸಿನಲ್ಲಿ ನನ್ನ ಕುದುರೆ ಮೂರನೆಯದಾಗಿ ಬಂತು. ಸೋತೆ ಅಂದುಕೊಂಡು ನಾಲ್ಕು ತುಂಡು ಮಾಡಿ ಕಸದ ಡಬ್ಬಿಗೆ ಹಾಕಿದೆ. "ಪ್ಲೇಸ್ ಕಟ್ಟಿದ್ದಲ್ವಾ ನೀನು?" ಅಂದರು ಭಾವ, ಚಿಪ್ಸ್ ಅಗಿಯುತ್ತಾ.

ಓಟದ ಹೊತ್ತಿಗೆ

ಈಗ ಬೇಲಿಯ ಹತ್ತಿರ ಬನ್ನಿ. 1200 ಮೀಟರ್ ಓಟ 70 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಫೋನ್ ತೆಗೆದು ವಿಡಿಯೊ ಮಾಡುತ್ತಾ ಕೂತರೆ ನೋಡಿದ್ದು ಏನೂ ಉಳಿಯುವುದಿಲ್ಲ. ಆಚೆ ಬದಿಯಲ್ಲಿ ಓಡುವಾಗ ದೊಡ್ಡ ಪರದೆ ನೋಡಿ, ಕೊನೆಯ ತಿರುವಿಗೆ ಬಂದಾಗ ಪರದೆ ಮರೆತುಬಿಡಿ. ಮೊದಲು ಜನರ ಕೂಗು, ಆಮೇಲೆ ಗೊರಸಿನ ಸದ್ದು ಕಾಲಡಿಯ ನೆಲದಿಂದ ಏರಿ ಬರುತ್ತದೆ.

ಕೊನೆಯ ರೇಸಿಗೆ ಮುಂಚೆ ಹೊರಟರೆ ಟ್ರಾಮಿನಲ್ಲಿ ಸೀಟು ಸಿಕ್ಕೀತು. ನಾವು ಹೊರಡಲಿಲ್ಲ. ಕಾಸ್‌ವೇ ಬೇ ಸ್ಟೇಷನ್‌ವರೆಗೆ ಜನರ ಜೊತೆ ನಡೆದೇ ಹೋದೆವು. ಭಾವ ದಾರಿಯುದ್ದಕ್ಕೂ ನನ್ನ ಹರಿದ ಚೀಟಿಗೆ ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕುತ್ತಲೇ ಇದ್ದರು.