ಶೆಡ್ಡಿನ ಹಳೇ ಅಂಬಾಸಿಡರ್ ಮಾರುವ ಮುನ್ನ ಪೇಂಟ್ ಹೊಡೆಸಬೇಡಿ

ಅಡಿಕೆ ಅಂಗಳದ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಅಂಬಾಸಿಡರ್ ಮಾರ್ಕ್ 2. ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಸ್ಟಾರ್ಟ್ ಮಾಡಿರಲಿಲ್ಲ. ಮಾರೋಣ ಎಂದಾಗ ಬಂದವರೆಲ್ಲ ಹೇಳಿದ್ದು ಒಂದೇ: ‘ಒಂದು ಕೋಟ್ ಪೇಂಟ್ ಹೊಡೆಸಿ, ಒಳ್ಳೇ ರೇಟು ಬರುತ್ತೆ.’ ಬಾನೆಟ್ಟಿಗೂ ಮುಂದಿನ ಬಾಗಿಲುಗಳಿಗೂ ಹೊಡೆಸಿದೆವು. ಮೊದಲು ನೋಡಲು ಬಂದವರು ಹೊಸ ಬಣ್ಣದ ಮೇಲೆ ಬೆರಳಾಡಿಸಿ, ‘ಇದರಡಿ ಏನಿತ್ತು?’ ಎಂದು ಕೇಳಿದರು. ನಾವು ಏನನ್ನೂ ಮುಚ್ಚಿರಲಿಲ್ಲ. ಆದರೆ ಅದನ್ನು ತೋರಿಸಿಕೊಡಲು ಅಲ್ಲಿ ಕಣ್ಣಿಗೆ ಕಾಣುವಂತೆ ಹಳೇ ಬಣ್ಣವೇ ಉಳಿದಿರಲಿಲ್ಲ.

ಹಳೇ ಕಾರು ಕೊಳ್ಳುವವರು ಹುಡುಕುವುದು ಹೊಳಪನ್ನಲ್ಲ. ಕಾರ್ಖಾನೆಯಲ್ಲಿ ಹೊಡೆದ ಬಣ್ಣ, ಮೊದಲ ಸೀಟಿನ ಹೊಲಿಗೆ, ಬದಲಾಗದ ಮೀಟರು, ಇವೇ ಅವರಿಗೆ ಸಾಕ್ಷಿ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಬೈಯೋನ್ ಕುಟುಂಬದ ಹಳೇ ಕಾರುಗಳ ಹರಾಜು ನಡೆದಾಗ ಅವುಗಳ ಧೂಳನ್ನೂ ಒರೆಸಿರಲಿಲ್ಲ. ಪತ್ರಿಕೆಗಳ ರಾಶಿಯಡಿ ಸಿಕ್ಕಿದ್ದ ಒಂದು ಫೆರಾರಿ 1.6 ಕೋಟಿ ಯೂರೋಗೂ ಹೆಚ್ಚಿಗೆ ಹೋಯಿತು. ನಮ್ಮ ಅಂಬಾಸಿಡರ್ ಫೆರಾರಿಯಲ್ಲ, ನಿಜ. ಆದರೆ ಅಲ್ಲಿಯ ಲೆಕ್ಕವೇ ಇಲ್ಲಿಯದೂ.

ಮೊದಲು ಕಾಗದ ಹುಡುಕಿ

ಆರ್‌ಸಿ ಪುಸ್ತಕ, ಹಳೇ ಇನ್ಶೂರೆನ್ಸ್, ತೆರಿಗೆ ರಸೀದಿ, ವರ್ಕ್‌ಶಾಪ್ ಬಿಲ್ಲು ಎಲ್ಲವನ್ನೂ ಒಟ್ಟು ಮಾಡಿ. ಕಬ್ಬಿಣದ ಟ್ರಂಕು, ದೇವರಕೋಣೆಯ ಗೂಡು, ಕಾರಿನ ಸೀಟಿನಡಿ, ಒಂದನ್ನೂ ಬಿಡಬೇಡಿ. ಎಂಜಿನ್ ನಂಬರ್, ಚಾಸಿಸ್ ನಂಬರ್‌ಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ. ಒಂದು ಅಂಕಿ ವ್ಯತ್ಯಾಸ ಇದ್ದರೂ ಗಿರಾಕಿ ಬರುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿ ಕೇಳಬೇಕು. ಗಾಡಿ ತೀರಿಕೊಂಡವರ ಹೆಸರಿನಲ್ಲಿದ್ದರೆ ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಬರಬೇಕು. ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಈಗಲೇ ಬರೆಸಿಕೊಳ್ಳಿ, ಮುಂಗಡ ಪಡೆದ ಮೇಲೆ ಅಲ್ಲ. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಇದ್ದರೆ ಆ ಪ್ಲೇಟನ್ನು ಬಿಚ್ಚಬೇಡಿ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆ ಖರ್ಚನ್ನು ಕೊಳ್ಳುವವರಿಗೇ ಬಿಡಿ. ನೀವು ಕಾಪಾಡಬೇಕಾದ್ದು ಆ ಅರ್ಹತೆಯನ್ನು. ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲಕ್ಕೆ ಮಾಮೂಲಾಗಿತ್ತು. ಬಿಚ್ಚಿದ ಹಳೇ ಎಂಜಿನ್ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ, ಗಾಡಿಯ ಜೊತೆಗೇ ಕೊಡಿ.

ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ

ವರ್ಷಗಟ್ಟಲೆ ನಿಂತ ಎಂಜಿನ್ನಿನ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿರಬಹುದು. ಏಕಾಏಕಿ ಸೆಲ್ಫ್ ಹೊಡೆದರೆ ರಿಂಗು ಮುರಿಯಬಹುದು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಕಾಯಿರಿ. ಗೇರು ನ್ಯೂಟ್ರಲ್‌ನಲ್ಲಿರಲಿ. ಆಮೇಲೆ ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ಒಂದು ಸುತ್ತು ಸಲೀಸಾಗಿ ಬಂದರೆ ಅದರ ವಿಡಿಯೊ ಮಾಡಿಕೊಳ್ಳಿ. ‘ಎಂಜಿನ್ ಜಾಮ್ ಆಗಿಲ್ಲ’ ಎಂಬುದಕ್ಕೆ ಅಷ್ಟು ಸಾಕು. ತಿರುಗದಿದ್ದರೆ ಬಲ ಹಾಕಬೇಡಿ; ಇದ್ದದ್ದನ್ನು ಇದ್ದಂತೆ ಹೇಳಿ. ಬ್ರೇಕ್ ನಂಬಿ ರಸ್ತೆಗಂತೂ ಇಳಿಸಲೇಬೇಡಿ.

ಧೂಳಿನ ಸಮೇತ ಫೋಟೊ

ಟಾರ್ಪಾಲು ತೆಗೆದ ಕೂಡಲೇ, ಒರೆಸುವ ಮುಂಚೆಯೇ ಒಂದು ಸುತ್ತು ಫೋಟೊ ತೆಗೆಯಿರಿ. ಆಮೇಲೆ ಬರೀ ನೀರು, ಹತ್ತಿಬಟ್ಟೆ, ಪಾಲಿಶ್ ಬೇಡ. ಬೆಳಗಿನ ಬಿಸಿಲಿಗೆ ಗಾಡಿಯನ್ನು ಹೊರಗೆ ತಳ್ಳಿ ಮತ್ತೆ ತೆಗೆಯಿರಿ. ತುಕ್ಕನ್ನು ಹತ್ತಿರದಿಂದ ತೋರಿಸಿ: ಮ್ಯಾಟ್ ಎತ್ತಿ ನೆಲದ ತಗಡು, ಬಾಗಿಲ ಕೆಳ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ. ತೂತು ಎಷ್ಟು ದೊಡ್ಡದೆಂದು ಗೊತ್ತಾಗಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗ್ಗು, ತೂತು ಮುಚ್ಚುವ ಪುಟ್ಟಿ ಮೆತ್ತಿದೆ. ಅದನ್ನೂ ಬರೆಯಿರಿ. ನಮ್ಮ ಕಾರಿನ ಬಾಗಿಲ ರಬ್ಬರ್ ಸರಿಸಿದಾಗ ಬೆರಳಗಲದಷ್ಟು ಮೂಲ ಬಣ್ಣ ಸಿಕ್ಕಿತು, ಎಳೆನೀರಿನಂಥ ತಿಳಿ ಬಿಳುಪು. ಕೊಂಡವರಿಗೆ ಹೆಚ್ಚು ಖುಷಿ ಕೊಟ್ಟದ್ದು ಆ ಒಂದು ಫೋಟೊ.

ರೇಟು, ಗಿರಾಕಿ

ರಿಪೇರಿಯಾಗಿ ಹೊಳೆಯುವ ಗಾಡಿಯ ಬೆಲೆಯನ್ನು ನಿಮ್ಮದಕ್ಕೆ ಹೋಲಿಸಬೇಡಿ. ಕೊಳ್ಳುವವರು ಆ ಬೆಲೆಯಿಂದ ತಗಡು, ಬಣ್ಣ, ಕ್ರೋಮ್, ಸೀಟಿನ ಖರ್ಚನ್ನು ಕಳೆದು ನೋಡುತ್ತಾರೆ. ಗುಜರಿಯವರ ತೂಕದ ಲೆಕ್ಕಕ್ಕೂ ಮಣಿಯಬೇಡಿ. ಕನಿಷ್ಠ ಮೂವರು ಬಂದು ನೋಡುವವರೆಗೆ ಯಾರಿಗೂ ಮಾತು ಕೊಡಬೇಡಿ. ಬೆಂಗಳೂರಿನ ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್‌ನಂಥ ಕಡೆ ವಿಚಾರಿಸಿದರೆ ನಿಜವಾದ ಆಸಕ್ತರು ಸಿಗುತ್ತಾರೆ. ನೋಡಲು ಬಂದವರು ಮೊದಲು ಬಗ್ಗಿ ಚಾಸಿಸ್ ನೋಡುತ್ತಾರೋ, ಬಾಯಿಮಾತಿನಲ್ಲೇ ರೇಟು ಇಳಿಸುತ್ತಾರೋ ಗಮನಿಸಿ. ನಾನಾದರೆ ಬಗ್ಗಿ ನೋಡಿದವರಿಗೆ ಸ್ವಲ್ಪ ಕಡಿಮೆಗೂ ಕೊಡುತ್ತೇನೆ.

ಕೊಟ್ಟ ದಿನ

ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡಬೇಡಿ. ಅಪ್ಪ ಹೀಗೆ ಕೊಟ್ಟ ಸ್ಕೂಟರಿನ ಅಪಘಾತದ ನೋಟಿಸು ಆರು ವರ್ಷದ ನಂತರ ನಮ್ಮ ಮನೆಗೆ ಬಂತು. ಅಪ್ಪ ಎರಡು ಮಳೆಗಾಲ ಕೋರ್ಟಿಗೆ ಅಲೆದರು. ಹಣ ಬ್ಯಾಂಕಿಗೆ ಬರಲಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಪೂರ್ತಿ ತುಂಬಿ ಸಹಿ ಮಾಡಿ. ಮಾರಿದ ಮಾಹಿತಿಯನ್ನು 14 ದಿನದೊಳಗೆ ನೀವೇ ಆರ್‌ಟಿಓಗೆ ಕೊಡಿ. ಕೊಳ್ಳುವವರು ಹೊರರಾಜ್ಯದವರಾದರೆ ಫಾರಂ 28ರ ಎನ್‌ಓಸಿಯೂ (ನಿರಾಕ್ಷೇಪಣಾ ಪತ್ರ) ಬೇಕು. ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದ ಡೆಲಿವರಿ ನೋಟ್, ಅವರ ಗುರುತಿನ ಚೀಟಿಯ ಪ್ರತಿ ನಿಮ್ಮ ಬಳಿ ಇರಲಿ.

ಲಾರಿಗೆ ಹತ್ತಿಸುವಾಗ ಬಂಪರಿಗೆ ಹಗ್ಗ ಕಟ್ಟಲು ಬಿಡಬೇಡಿ, ಆಕ್ಸಲ್‌ಗೆ ಕಟ್ಟಿಸಿ. ಹ್ಯಾಂಡಲ್, ಜ್ಯಾಕ್, ಬಿಚ್ಚಿಟ್ಟ ವೀಲ್ ಕಪ್ಪುಗಳನ್ನು ಎಣಿಸಿ ಕೊಡಿ. ಒಂದು ತಿಂಗಳಾದ ಮೇಲೆ ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ, ಮಾಲೀಕರ ಹೆಸರು ಬದಲಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಅಂದೇ ಫೋನ್ ಮಾಡಿ.