ಕಲ್ಚರ್ ರಿಪೋರ್ಟಿನ ಎಸ್, ಐ, ಆರ್ ಬರುವುದು ಹೇಗೆ?

ಉರಿಮೂತ್ರ ಅಂತ ಹೋದರೆ ಡಾಕ್ಟರು ಕಲ್ಚರ್ ಮಾಡಿಸಲು ಬರೆಯುತ್ತಾರೆ. ಅಂದರೆ ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿ, ಅದಕ್ಕೆ ಯಾವ ಮದ್ದು ನಾಟುತ್ತದೆ ಎಂದು ನೋಡುವ ಪರೀಕ್ಷೆ. ರಿಪೋರ್ಟ್ ಬರಲು ಎರಡು-ಮೂರು ದಿನ ಬೇಕು. ಅದರಲ್ಲಿ ಒಂದೊಂದು ಮದ್ದಿನ ಎದುರು ಎಸ್, ಐ ಅಥವಾ ಆರ್ ಎಂದಿರುತ್ತದೆ. ಕಾಸರಗೋಡಿನ ಲ್ಯಾಬೇ ಆಗಲಿ, ಮಂಜೇಶ್ವರದವರು ತಲಪಾಡಿ ದಾಟಿ ಹೋಗುವ ಮಂಗಳೂರಿನದ್ದೇ ಆಗಲಿ, ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲ ಹೆಜ್ಜೆ ನಿಮ್ಮದು. ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ಸ್ಯಾಂಪಲ್ ಕೊಡಿ. ಡಾಕ್ಟರ ಚೀಟಿಯಿಲ್ಲದೆ ಇದನ್ನು ಮಾರುವ ಮೆಡಿಕಲ್ ಶಾಪುಗಳನ್ನು ಹಿಡಿಯಲು ಕೇರಳ 2024ರಲ್ಲಿ 'ಆಪರೇಷನ್ ಅಮೃತ್' ಶುರು ಮಾಡಿತು, ಸರಿ. ಆದರೆ ಮನೆಯ ಡಬ್ಬದಲ್ಲಿ ಉಳಿದ ಮಾತ್ರೆಗಳನ್ನು ಯಾರು ಹಿಡಿಯುತ್ತಾರೆ? ಅದನ್ನು ನುಂಗಿ ಹೋದರೆ, ಸೋಂಕು ಇದ್ದರೂ ಪ್ಲೇಟಿನಲ್ಲಿ ಏನೂ ಬೆಳೆಯದಿರಬಹುದು.

ಆರಂಭದ ಮೂತ್ರ ಬಿಟ್ಟು ನಡುವಿನದ್ದನ್ನು ಹಿಡಿಯಿರಿ. ಎರಡು ಗಂಟೆಯೊಳಗೆ ತಲುಪಿಸಿ. ಮುಳ್ಳೇರಿಯದಲ್ಲಿ ಬಸ್ಸಿಗೆ ಕಾಯುತ್ತ ಕೂತರೆ ನಮ್ಮ ಸೆಕೆಗೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ.

ಲ್ಯಾಬಿನಲ್ಲಿ ಅದನ್ನು ಪ್ಲೇಟಿನ ಮೇಲೆ ರಾತ್ರಿಯಿಡೀ ಬೆಳೆಸುತ್ತಾರೆ. ಮರುದಿನ ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸುತ್ತಾರೆ.

ಆಮೇಲಿನದ್ದೇ ಅಸಲಿ ಪರೀಕ್ಷೆ. ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ, 4 ಮಿ.ಮೀ. ದಪ್ಪದ ಮುಲ್ಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದರ) ಮೇಲೆ ಪೂರ್ತಿ ಸವರುತ್ತಾರೆ. ಅದರ ಮೇಲೆ ಬೇರೆಬೇರೆ ಮದ್ದಿನ ಪುಟ್ಟ ಡಿಸ್ಕ್ ಇಡುತ್ತಾರೆ. ಸುಮಾರು 35 ಡಿಗ್ರಿಯಲ್ಲಿ 16ರಿಂದ 18 ಗಂಟೆ ಬಿಡುತ್ತಾರೆ. ಮದ್ದು ನಾಟಿದಲ್ಲಿ ಡಿಸ್ಕಿನ ಸುತ್ತ ಖಾಲಿ ವೃತ್ತ ಕಾಣುತ್ತದೆ. ಅದನ್ನು ಸ್ಕೇಲಿನಲ್ಲಿ ಅಳೆಯುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಇದಕ್ಕೆ ಮೆಷಿನ್ ಬಂದಿದೆ.

ವೃತ್ತ ದೊಡ್ಡದಿದ್ದರೆ ಮದ್ದು ಜೋರು ಅಂತ ತಿಳಿಯಬೇಡಿ. ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸಿಪ್ರೋಫ್ಲಾಕ್ಸಾಸಿನ್ ಮದ್ದಿನ ವೃತ್ತ 26 ಮಿ.ಮೀ. ಮುಟ್ಟಿದರೆ ಮಾತ್ರ ಎಸ್, ಅಂದರೆ ನಾಟುತ್ತದೆ. 21 ಬಂದರೂ ಆರ್, ನಾಟುವುದಿಲ್ಲ. ನೈಟ್ರೋಫ್ಯುರಾಂಟೋಯಿನ್ ಎಂಬ ಇನ್ನೊಂದು ಮದ್ದಿಗೆ 17 ಇದ್ದರೇ ಎಸ್. ಒಂದೊಂದು ಮದ್ದು ಅಗರ್‌ನಲ್ಲಿ ಒಂದೊಂದು ಥರ ಹರಡುತ್ತದೆ, ಅದಕ್ಕೇ ಮಿತಿಯೂ ಬೇರೆ. ಐ ಎಂದರೆ ಎಸ್ ಮತ್ತು ಆರ್‌ನ ನಡುವೆ. ಅದನ್ನು ಡಾಕ್ಟರಿಗೇ ಬಿಡಿ.

ಕೆಲವೊಮ್ಮೆ ಖಾಲಿ ವೃತ್ತದೊಳಗೆ ಒಂದೆರಡು ಚುಕ್ಕಿ ಬೆಳೆದಿರುತ್ತವೆ. ಬೇರೆ ಬ್ಯಾಕ್ಟೀರಿಯಾ ಬೆರೆತಿರಬಹುದು. ಇಲ್ಲವೇ ಅದೇ ಬ್ಯಾಕ್ಟೀರಿಯಾದ ಮದ್ದಿಗೆ ಬಗ್ಗದ ಗುಂಪು. ಲಕ್ಷಾಂತರದಲ್ಲಿ ಯಾವುದೋ ಒಂದರ ಜೀನು ಆಕಸ್ಮಿಕವಾಗಿ ಬದಲಾಗಿರುತ್ತದೆ. ಅದು ಮದ್ದನ್ನು ತುಂಡರಿಸುವ ಕಿಣ್ವ ಮಾಡಬಹುದು, ಒಳಬಂದ ಮದ್ದನ್ನು ಹೊರಕ್ಕೆ ಪಂಪ್ ಮಾಡಬಹುದು. ಮದ್ದು ಉಳಿದವನ್ನು ಕೊಂದು ಇದಕ್ಕೆ ಜಾಗ ಮಾಡಿಕೊಡುತ್ತದೆ. ಕೆಲವು ಜೀನುಗಳು ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಡಿಎನ್‌ಎಯ ಪುಟ್ಟ ಬಳೆ) ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ. ಜಾಸ್ತಿ ಮದ್ದು, ಜಾಸ್ತಿ ರೋಗಿಗಳಿರುವ ಆಸ್ಪತ್ರೆ ಇದಕ್ಕೆ ಒಳ್ಳೆಯ ಜಾಗ.

ಎಂಟರೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಎಸ್‌ನಿಂದ ಆರ್‌ಗೆ ತಿರುಗುವುದುಂಟು. ಹಾಗಾಗಿ ಜ್ವರ ಇಳಿಯದೆ ಎರಡನೇ ಕಲ್ಚರ್ ಬರೆದುಕೊಟ್ಟರೆ, ಸುಮ್ನೆ ಖರ್ಚು ಅಂತ ಗೊಣಗಬೇಡಿ. ಹಳೆಯ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ.